ಕ್ಲಚ್ಚಿಲ್ಲದ ಕಾರೂ ಕಸ್ತೂರಿಯ ಕುಬಸವೂ

ಯಂತ್ರಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಭಾರಿ ಆತ್ಮವಿಶ್ವಾಸ. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಹುಡುಗರು ಕುಟ್ಟಿ ಕುಟ್ಟಿ ಕೆಡಿಸಿದ ಟೈಪ್‌ರೈಟರುಗಳನ್ನು ಭಾನುವಾರ ನಾನೇ ಬಿಚ್ಚಿ, ನಾನೇ ಜೋಡಿಸುತ್ತಿದ್ದೆ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಕೈಯಲ್ಲಿ ಉಳಿಯುತ್ತಿದ್ದವು, ನಿಜ. ಕಂಪನಿಯವರು ಧಾರಾಳವಾಗಿ ಹೆಚ್ಚಿಗೆ ಹಾಕಿರುತ್ತಾರೆ ಎಂದು ನಾನು ತಿಳಿದಿದ್ದೆ.

ಅದೇ ಕಾಲಕ್ಕೆ ಪೆಟ್ರೋಲು ಇದ್ದಕ್ಕಿದ್ದಂತೆ ತುಟ್ಟಿಯಾಯಿತು. ದೊಡ್ಡ ದೊಡ್ಡ ಫಾರಿನ್ ಕಾರು ಇಟ್ಟುಕೊಂಡವರೆಲ್ಲ ಅವನ್ನು ಯಾರ ತಲೆಗೆ ಕಟ್ಟೋಣ ಎಂದು ಹುಡುಕತೊಡಗಿದರು. ಸಾಂಗ್ಲಿ ಕಡೆಯ ಒಬ್ಬ ವಯಸ್ಸಾದ ಡಾಕ್ಟರಿಗೆ ನನ್ನ ತಲೆ ಸಿಕ್ಕಿತು! ತಮ್ಮ ಆಕಾಶಬಣ್ಣದ ಅಮೆರಿಕನ್ ಕಾರನ್ನು ಅವರು ಹೆಚ್ಚುಕಡಿಮೆ ಪುಕ್ಕಟೆಯಾಗಿಯೇ ಕೊಟ್ಟರು. ಇದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ನೀವು ಆಕ್ಸಿಲರೇಟರ್ ಒತ್ತಿ ಸುಮ್ಮನೆ ಕೂತರಾಯಿತು ಎಂದು ಹೇಳಿದರು. ನಾನು ಮರುಳಾದದ್ದು ಈ ಮಾತಿಗೇ. ಗೆಳೆಯನ ಜೀಪಿನಲ್ಲಿ ಡ್ರೈವಿಂಗ್ ಕಲಿಯುವಾಗ ನಾನು ಕ್ಲಚ್ ಬಿಟ್ಟ ಕೂಡಲೇ ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಬಿಡುತ್ತಿತ್ತು. ಕ್ಲಚ್ಚೇ ಇಲ್ಲದ ಕಾರು ಎಂದರೆ ಅದನ್ನು ನನಗಾಗಿಯೇ ಯಾರೋ ಪುಣ್ಯಾತ್ಮರು ಕಂಡುಹಿಡಿದಂತೆ ಅನಿಸಿತು.

ಸದರಿ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ಅದರ ಮೂತಿ ನಮ್ಮ ಬಾಗಿಲಲ್ಲಿತ್ತು, ಬಾಲ ಪಕ್ಕದ ಮನೆಯ ದಸ್ತಗೀರಸಾಬರ ಬಾಗಿಲಲ್ಲಿತ್ತು. ದಸ್ತಗೀರಸಾಬರು ಎಣ್ಣೆ ಗಾಣದ ಮಾಲೀಕರು, ತಮಾಷೆಯ ಮನುಷ್ಯ.

"ಮಾಸ್ತರ, ಗಾಡಿ ಚಂದ ಐತ್ರಿ. ಅರ್ಧ ನಮ್ಮದಾತು ನೋಡ್ರಿ," ಎಂದರು.

ನನ್ನ ಹೆಂಡತಿ ಶಾರದಾ ಮಾತ್ರ ಕಾರಿನ ಕೆಳಗೆ ಬಗ್ಗಿ ನೋಡಿ, "ಅಲ್ರೀ, ಇದೇನಿದು? ಕೆಳಗ ಕೆಂಪನ್ನ ಎಣ್ಣಿ ಸೋರಾಕತ್ತೈತಿ," ಎಂದಳು.

"ಹೊಸಾ ಮನಿಗೆ ಬಂದೈತಿ. ಸಂಕೋಚ ಆಗಿರ್ತೈತಿ," ಎಂದು ನಾನು ನಕ್ಕೆ. ಆಗ ನಕ್ಕದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಯಾಕೆಂದರೆ ಶಾರದಾಳ ಮನಸ್ಸೆಲ್ಲ ಆಗ ಬಬಲೇಶ್ವರದಲ್ಲಿತ್ತು. ಅವಳ ತಂಗಿ ಕಸ್ತೂರಿಯನ್ನು ಅಲ್ಲಿಗೆ ಕೊಟ್ಟಿದ್ದೆವು. ಇಬ್ಬರೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡು, ಮುಂದೆ ತಂದೆಯೂ ಹೋಗಿ, ಕಸ್ತೂರಿಯನ್ನು ಶಾರದಾಳೇ ಜಡೆ ಹೆಣೆದು, ಶಾಲೆಗೆ ಕಳಿಸಿ, ಮದುವೆ ಮಾಡಿಸಿದ್ದಳು. ಕಸ್ತೂರಿಗೆ ತವರು ಎಂದರೆ ನಮ್ಮ ಮನೆಯೇ. ಈಗ ಆಕೆ ಚೊಚ್ಚಲ ಬಸುರಿ. ಬೀಗರು ಕುಬಸದ, ಅಂದರೆ ಸೀಮಂತದ, ದಿನ ಗೊತ್ತು ಮಾಡಿದ್ದರು. ತವರಿನವರು ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ, ಹಸಿರು ಕುಬಸ ತೆಗೆದುಕೊಂಡು ಹೋಗಿ, ಬಸುರಿಗೆ ಉಡಿಸಿ ಉಡಿ ತುಂಬಬೇಕು. ಮೊದಲ ಉಡಿ ತಾಯಿಯದು. ತಾಯಿ ಇಲ್ಲದಿದ್ದರೆ ಅಕ್ಕನದು. ಹೊತ್ತು ನೆತ್ತಿಗೆ ಬರುವುದರೊಳಗೆ ಶಾಸ್ತ್ರ ಮುಗಿಯಬೇಕು ಎಂದು ಬೀಗರು ಹೇಳಿ ಕಳಿಸಿದ್ದರು.

"ಅವ್ವ ಇದ್ದಿದ್ರ ಆಕೀನ ತುಂಬತಿದ್ಳು. ಈಗ ನಾ ತುಂಬಬೇಕು. ಇದೊಂದು ನನ್ನ ಕೈಲೆ ಆದ್ರ ಸಾಕು ನೋಡ್ರಿ," ಎಂದು ಶಾರದಾ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಇಳಕಲ್ಲಿನಿಂದ ಹಸಿರು ಸೀರೆ ತರಿಸಿ, ದಿನಾ ಅದನ್ನು ಬಿಚ್ಚಿ ನೋಡಿ ಮತ್ತೆ ಮಡಚಿಡುತ್ತಿದ್ದಳು.

ಇಷ್ಟೊಂದು ಮಹತ್ವದ ಕಾರ್ಯಕ್ಕೆ ಬಸ್ಸಿನಲ್ಲಿ ಹೋಗುವುದೇ? ಮನೆಯ ಮುಂದೆ ಕಾರಿರುವಾಗ? ಕಾರಿನಲ್ಲೇ ಹೋಗುವುದು, ದಾರಿಯಲ್ಲಿ ಟಿಕೋಟಾದಲ್ಲಿರುವ ಶಾರದಾಳ ಸೋದರತ್ತೆ ನಾಗವ್ವನನ್ನೂ ಕೂರಿಸಿಕೊಂಡು ಬೀಗರ ಬಾಗಿಲಲ್ಲಿ ಇಳಿಯುವುದು ಎಂದು ನಾನು ಘೋಷಿಸಿದೆ.

ಕಾರಿಗೆ ಈ ಘೋಷಣೆ ಒಪ್ಪಿಗೆಯಾಗಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಭೋರೆಂದು ಕೂಗುತ್ತಿತ್ತು, ಕಾರು ಮಾತ್ರ ನಿಂತಲ್ಲೇ ಆಲೋಚನೆ ಮಾಡುತ್ತಿತ್ತು. ನಮ್ಮ ಗೋಳಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ಉತ್ತರ ಬರುತ್ತದೆ. ನನ್ನ ಕಾರನ್ನು ಏಳು ಸಲ ಕೂಗಿಸಿದರೆ ಒಂದು ಉತ್ತರ ಬರುತ್ತಿತ್ತು!

ಗುಮ್ಮಟದ ಹತ್ತಿರವೇ ಬೇವಿನ ಮರದ ಕೆಳಗೆ ಸಿದ್ರಾಮ ಮಿಸ್ತ್ರಿಯ ಗ್ಯಾರೇಜು. ಲಾರಿ, ಟ್ರ್ಯಾಕ್ಟರು, ಜೀಪು ಯಾವುದನ್ನೂ ಬಿಡದೆ ಬಿಚ್ಚುವವನು. ಗಂಟಲು ದೊಡ್ಡದು, ಧೈರ್ಯ ಅದಕ್ಕಿಂತ ದೊಡ್ಡದು. ಕಾರಿನ ಕೆಳಗೆ ತೂರಿ, ಬಹಳ ಹೊತ್ತು ಒಳಗೇ ಇದ್ದು, ಕೊನೆಗೆ ಹೆಣ ನೋಡಿ ಬಂದವನ ಮುಖ ಮಾಡಿಕೊಂಡು ಹೊರಬಂದ.

"ಮಾಸ್ತರ, ನಿಮಗ ಮೋಸ ಆಗೇತ್ರಿ."

"ಯಾಕೋ?"

"ಇದಕ್ಕ ಕ್ಲಚ್ಚ ಇಲ್ಲ. ಯಾರೋ ಕದ್ದು ಬಿಚ್ಚಿಕೊಂಡು ಹೋಗ್ಯಾರ!"

ಇದು ಕ್ಲಚ್ಚೇ ಇಲ್ಲದ ಕಾರು, ಹುಟ್ಟಿದ್ದೇ ಹೀಗೆ, ಡಾಕ್ಟರು ಸ್ವತಃ ಹೇಳಿದ್ದಾರೆ ಎಂದು ನಾನು ವಿವರಿಸಿದೆ. ಸಿದ್ರಾಮ ಕನಿಕರದಿಂದ ನನ್ನನ್ನು ನೋಡಿದ.

"ಡಾಕ್ಟರಿಗೆ ಮನಷ್ಯಾರ ಹೊಟ್ಟಿ ಗೊತ್ತಿರ್ತೈತ್ರಿ. ಗಾಡಿ ಹೊಟ್ಟಿ ಗೊತ್ತಿರ್ತೈತೇನು? ಕ್ಲಚ್ಚ ಇಲ್ದ ಗೇರ ಹೆಂಗ ಬೀಳ್ತಾವ? ನೀವ ಹೇಳ್ರಿ."

ಹೇಗೆ ಬೀಳುತ್ತವೆ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಸುತ್ತಲೂ ಜನ ನೆರೆದಿದ್ದರು. ಗುಮ್ಮಟ ನೋಡಲು ಬಂದವರೆಲ್ಲ ಕ್ಲಚ್ ಕಳವಾದ ಕಾರನ್ನು ನೋಡಿಕೊಂಡು ಹೋಗುತ್ತಿದ್ದರು. ಅವರಲ್ಲೊಬ್ಬರು, "ಪೊಲೀಸರಿಗೆ ತಿಳಸೀರೇನು?" ಎಂದು ಕೇಳಿದರು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಆ ಹೊತ್ತಿಗೆ ನನಗೂ ಕಳವು ಆಗಿರಬಹುದು ಅನಿಸತೊಡಗಿತ್ತು!

ಸಿದ್ರಾಮ ಹಳೆಯ ಲಾರಿಯೊಂದರ ಪೆಡಲ್ಲನ್ನು ತಂದು ನನ್ನ ಎಡಗಾಲಿನ ಜಾಗದಲ್ಲಿ ಬೆಸುಗೆ ಹಾಕಿದ. ಅದಕ್ಕೊಂದು ದಪ್ಪ ತಂತಿ ಕಟ್ಟಿ, ಆ ತಂತಿಯನ್ನು ಗೇರಿನ ಹಿಡಿಕೆಯಿಂದ ಕೆಳಗಿಳಿಯುವ ಸರಳಿಗೆ ಬಿಗಿದ. "ನಿಮ್ಮ ಎಡಗಾಲ ಸುಮ್ಮ ಕುಂತಿತ್ತು. ಅದಕ್ಕೂ ಕೆಲಸ ಹಚ್ಚೇನಿ," ಎಂದ. ಇನ್ನು ಉಳಿದದ್ದು ಗೇರುಪೆಟ್ಟಿಗೆಯಿಂದ ಸೋರಿಹೋದ ಕೆಂಪೆಣ್ಣೆ. ಅದು ಊರಲ್ಲಿ ಎಲ್ಲೂ ಸಿಗಲಿಲ್ಲ. ಕುಬಸಕ್ಕೆ ಮರುದಿನವೇ ಹೋಗಬೇಕು.

"ತೆಳ್ಳನ್ನ ಎಣ್ಣಿ ಯಾವುದರೆ ನಡೀತೈತಿ," ಎಂದ ಸಿದ್ರಾಮ.

ದಸ್ತಗೀರಸಾಬರ ಗಾಣದಿಂದ ಒಂದು ಡಬ್ಬಿ ಕುಸುಬಿ ಎಣ್ಣೆ ತಂದೆವು. ಯಾಕೆಂದು ತಿಳಿದಾಗ ಅವರು ಡಬ್ಬಿಯನ್ನು ಬಿಡಲೇ ಒಲ್ಲರು.

"ಯಪ್ಪಾ ಮಾಸ್ತರ, ಇದು ಒಗ್ಗರಣಿ ಹಾಕೂ ಎಣ್ಣಿ! ಗಾಡಿಗೆ ಹಾಕತಾರೇನ್ರಿ? ನನ್ನ ಮಾತು ಕೇಳ್ರಿ, ನಾಳೆ ಶಾರದಮ್ಮನ ಬಸ್ಸಿಗೆ ಹತ್ತಸ್ರಿ."

"ಸಾಬರ, ಮನಷ್ಯಾರ ಗಂಟಲಿಗೆ ಇಳಿಯೂದು ಗಾಡಿ ಗಂಟಲಿಗೆ ಇಳಿಯಂಗಿಲ್ಲೇನು?" ಎಂದು ಸಿದ್ರಾಮ ವಾದಿಸಿದ. ಇಳಿಯಿತು. ಉಳಿದ ಎಣ್ಣೆಯನ್ನು ಡಬ್ಬಿ ಸಮೇತ ಡಿಕ್ಕಿಯಲ್ಲಿಟ್ಟು, "ಗ್ಯಾರಂಟಿಗೆ ನಾನೂ ಸಂಗಾಟ ಬರ್ತೇನಿ," ಎಂದ. ರಿಪೇರಿ ಮಾಡಿದವನೇ ಜೊತೆಗೆ ಬರುತ್ತಾನೆಂದರೆ ಅದರ ಅರ್ಥವೇನು ಎಂದು ಯಾವ ಬುದ್ಧಿವಂತನಿಗಾದರೂ ಹೊಳೆಯಬೇಕಿತ್ತು. ನನಗೆ ಸಂತೋಷವಾಯಿತು.

ಮರುದಿನ ನಸುಕಿನಲ್ಲೇ ಹೊರಟೆವು. ಡಿಕ್ಕಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕರ್ಚಿಕಾಯಿಯ ಬುಟ್ಟಿ. ಅದರ ಪಕ್ಕ ಸೀರೆ, ಕುಬಸ, ಬಳೆಗಳ ಗಂಟು. ಅದರ ಪಕ್ಕ ಎಣ್ಣೆ ಡಬ್ಬಿ. ಕಾರು ನಡೆಯಿತು. ನಿಜವಾಗಿಯೂ ನಡೆಯಿತು! ಊರು ದಾಟುವಾಗ ನಾನು ಒಂದು ಮೊಣಕೈಯನ್ನು ಕಿಟಕಿಯ ಹೊರಗೆ ಇಟ್ಟುಕೊಂಡಿದ್ದೆ.

ಅರ್ಧ ದಾರಿಯಲ್ಲಿ ವಾಸನೆ ಶುರುವಾಯಿತು. ಕೆಟ್ಟ ವಾಸನೆಯಲ್ಲ, ಬಾಯಲ್ಲಿ ನೀರೂರಿಸುವ ವಾಸನೆ. ಕಾದ ಕುಸುಬಿ ಎಣ್ಣೆಯ ಘಮ ಕಾರಿನ ಕೆಳಗಿನಿಂದ ಎದ್ದು ರಸ್ತೆಗೆಲ್ಲ ಹರಡಿತು. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ಎರಡು ನಾಯಿಗಳು ಬಹಳ ದೂರ ನಮ್ಮನ್ನು ನಂಬಿ ಹಿಂದೆ ಬಂದವು. ಟಿಕೋಟಾದಲ್ಲಿ ನಾಗವ್ವತ್ತೆ ಕಾರು ಹತ್ತುತ್ತಲೇ, "ಅಳಿಯಾರ, ಬುತ್ಯಾಗ ಬಿಸಿ ಭಜಿನೂ ಮಾಡಿಸೀರೇನ್ರಿ?" ಎಂದರು. ಹಿಂದೆ ಕೂತಿದ್ದ ಶಾರದಾಳ ಕಣ್ಣು ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಮೇಲಿತ್ತು. ಬಬಲೇಶ್ವರದ ಬಸ್ಸು. ಕಂಡಕ್ಟರು ಬಾಗಿಲಲ್ಲಿ ನಿಂತು ಊರ ಹೆಸರು ಕೂಗುತ್ತಿದ್ದ.

"ಏನ್ರೀ, ಇದರಾಗ ಹೋಗಿಬಿಡೂಣೇನು? ನಾನೂ ಅತ್ತೀನೂ ಮುಂದ ಹೋಗಿರ್ತೇವಿ. ನೀವು ಹಿಂದಿಂದ ಬರ್ರಿ."

"ಬೀಗರು ಏನಂದಾರು? ಕಾರು ಇಟ್ಟುಕೊಂಡು ಹೆಂಡತೀನ ಬಸ್ಸಿಗೆ ಕಳಿಸ್ಯಾನ ಅನ್ನೂದಿಲ್ಲೇನು? ಸುಮ್ಕ ಕುಂದರ ನೀ," ಎಂದೆ.

ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಆ ಧೂಳು ಇವತ್ತಿಗೂ ನನ್ನ ಕಣ್ಣೊಳಗಿದೆ.

ಊರಾಚೆ ಒಂದು ಸಣ್ಣ ಏರು. ಕಾರು ಏದುಸಿರು ಬಿಟ್ಟಿತು. "ಕ್ಲಚ್ಚ ಒತ್ರಿ ಮಾಸ್ತರ, ಕ್ಲಚ್ಚ!" ಎಂದು ಸಿದ್ರಾಮ ಕೂಗಿದ. ಒತ್ತಿದೆ. ಕೆಳಗೆಲ್ಲೋ ಖಟ್ ಎಂದಿತು. ಗೇರಿನ ಹಿಡಿಕೆ ಸತ್ತ ಕೋಳಿಯ ಕತ್ತಿನಂತೆ ಜೋತುಬಿತ್ತು. ಆಕ್ಸಿಲರೇಟರ್ ತುಳಿದರೆ ಕಾರು ಬಹಳ ಹುರುಪಿನಿಂದ ಹೊರಟಿತು, ಹಿಂದಕ್ಕೆ!

ಸಿದ್ರಾಮ ಕೆಳಗೆ ತೂರಿ ಬಂದು ವರದಿ ಒಪ್ಪಿಸಿದ. "ಸರಳ ಬಾಗೇತ್ರಿ. ಮುಂದ ಹೋಗೂ ಗೇರ ಸತ್ತೈತಿ. ಹಿಂದ ಹೋಗೂದು ಭೇಷ ಐತಿ."

"ಈಗೇನು ಮಾಡೂದು?"

ಆಗ ಅವನು ಹೇಳಿದ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. "ಹಿಂದ ಹೋಗೂ ಗಾಡೀನ ಹೊಳ್ಳಿಸಿ ನಿಂದರಿಸಿದ್ರ, ಅದು ಮುಂದ ಹೋದಂಗ ಆತಲ್ರಿ?"

ಓದಿಕೊಂಡವನಾದ ನನಗೆ ಈ ತರ್ಕದಲ್ಲಿ ಒಂದು ತಪ್ಪೂ ಕಾಣಿಸಲಿಲ್ಲ! ನಾಲ್ಕು ಜನ ದಾರಿಹೋಕರನ್ನು ಕರೆದು ಕಾರನ್ನು ನೂಕಿಸಿ, ಅದರ ಬಾಲವನ್ನು ಬಬಲೇಶ್ವರದ ಕಡೆಗೆ ತಿರುಗಿಸಿ ಪ್ರಯಾಣ ಮುಂದುವರಿಸಿದೆವು. ಮುಂದುವರಿಸಿದೆವು ಎಂದರೆ ಹಿಂದುವರಿಸಿದೆವು. ಸಿದ್ರಾಮ ಹಿಂದಿನ ಸೀಟಿಗೆ ಹೋಗಿ, ಕಿಟಕಿಯಲ್ಲಿ ಅರ್ಧ ಮೈ ಹೊರಹಾಕಿ ಲಾರಿಯ ಕ್ಲೀನರನಂತೆ "ಬರ್ಲಿ, ಬರ್ಲಿ, ಬಲಕ್ಕ" ಎಂದು ಕೂಗುತ್ತಿದ್ದ. ನಾನು ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಚಿ ಸ್ಟಿಯರಿಂಗ್ ಹಿಡಿದಿದ್ದೆ. ಶಾರದಾ, ನಾಗವ್ವತ್ತೆ ಇಬ್ಬರೂ ಮುಂದಿನ ಸೀಟಿಗೆ ಬಂದು ಕೂತಿದ್ದರು.

"ಅಳಿಯಾರ," ಎಂದರು ನಾಗವ್ವತ್ತೆ, "ಟಿಕೋಟಾ ಬಿಟ್ಟು ಇಷ್ಟೊತ್ತಾತು. ಇನ್ನೂ ನಂಗ ಟಿಕೋಟಾನ ಕಾಣಾಕತ್ತೈತಲ್ರಿ!"

ಎದುರಿಗೆ ಬಂದ ಒಬ್ಬ ರೈತ ಸೈಕಲ್ಲಿನಿಂದ ಇಳಿದು ನಿಂತ. "ಲೇ, ಇವರು ಬರಾಕತ್ತಾರೋ ಹೋಗಾಕತ್ತಾರೋ?" ಎಂದು ತನ್ನಷ್ಟಕ್ಕೇ ಕೇಳಿಕೊಂಡ. ಉತ್ತರ ನಮಗೂ ಗೊತ್ತಿರಲಿಲ್ಲ.

ಹಿಂದಿನಿಂದ, ಅಂದರೆ ಮುಂದಿನಿಂದ, ಒಂದು ಟ್ರ್ಯಾಕ್ಟರು ಬಂತು. ಬಬಲೇಶ್ವರ ಹಾದು ನಿಡೋಣಿಗೆ ಹೊರಟಿದ್ದ ಟ್ರಾಲಿ. ಡ್ರೈವರನು ನಮ್ಮನ್ನು ನೋಡಿ ನಿಲ್ಲಿಸಿ, "ಹೆಣ್ಣಮಕ್ಕಳಿಗೆ ಇದರಾಗ ಬರಾಕ ಹೇಳ್ರಿ, ಬಬಲೇಶ್ವರಕ್ಕ ಬಿಡ್ತೇನಿ," ಎಂದ. ಶಾರದಾ ಬಾಗಿಲ ಹಿಡಿಕೆಗೆ ಕೈ ಹಾಕಿದಳು.

"ಹೊತ್ತು ಏರೇತ್ರಿ. ನಾ ಹೋಗ್ತೇನಿ. ನಿಮ್ಮ ಕೈ ಮುಗೀತೇನಿ."

ಅವಳ ಧ್ವನಿ ನಡುಗುತ್ತಿತ್ತು. ಆ ನಡುಕವನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ, "ಇನ್ನೇನು ಬಂದ ಬಿಡ್ತು. ಚಾಲೂ ಇದ್ದ ಗಾಡಿ ನಿಂದರಸಿದ್ರ ಮತ್ತ ಹೊಂಡಂಗಿಲ್ಲ," ಎಂದುಬಿಟ್ಟೆ. ಟ್ರ್ಯಾಕ್ಟರು ಹೋಯಿತು. ನನ್ನ ಪುಣ್ಯವೂ ಅದರ ಹಿಂದೆಯೇ ಟ್ರಾಲಿ ಹತ್ತಿ ಹೋಯಿತು.

ಆಮೇಲೆ ಬಹಳ ಹೊತ್ತು ಬೇಕಾಗಲಿಲ್ಲ. ಕೆಳಗಿನಿಂದ ಚುಂಯ್ ಎಂಬ ಸದ್ದು ಬಂತು, ಒಗ್ಗರಣೆಗೆ ಸಾಸಿವೆ ಹಾಕಿದಾಗ ಬರುತ್ತದಲ್ಲ, ಅಂಥದು. ಬಿಳಿ ಹೊಗೆ ಎದ್ದಿತು. ಕಾರು ಒಂದು ಸಲ ನಿಟ್ಟುಸಿರು ಬಿಟ್ಟು ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ!

ಸಿದ್ರಾಮ ಹಣೆ ಒರೆಸಿಕೊಂಡು, "ಕ್ಲಚ್ಚ ಮೊದಲಿನದ ಇದ್ದಿದ್ರ ಹಿಂಗ ಆಗ್ತಿರಲಿಲ್ರಿ," ಎಂದ. ಕದ್ದವನ ಮೇಲೆ ಅವನಿಗಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಶಾರದಾ ಡಿಕ್ಕಿ ತೆಗೆದಳು. ರಸ್ತೆಯ ಕುಣಿಗಳಲ್ಲಿ ಹಿಂದುಮುಂದಾಗಿ ಕುಣಿದ ಭರಕ್ಕೆ ಎಣ್ಣೆ ಡಬ್ಬಿ ಉರುಳಿಬಿದ್ದಿತ್ತು. ಡಿಕ್ಕಿಯ ತುಕ್ಕು, ಗ್ರೀಸು, ಧೂಳು ಎಲ್ಲವನ್ನೂ ಕಲೆಸಿಕೊಂಡ ಎಣ್ಣೆಯಲ್ಲಿ ರೊಟ್ಟಿ, ಹೋಳಿಗೆಗಳು ತೇಲುತ್ತಿದ್ದವು. ಗಂಟು ಬಿಚ್ಚಿದಳು. ಇಳಕಲ್ ಸೀರೆಯ ಒಂದು ಮಗ್ಗಲು ಪೂರ್ತಿ ಕಪ್ಪಾಗಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಲು ನೋಡಿದಳು. ಒರೆಸಿದಷ್ಟೂ ಹರಡಿತು.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾಗವ್ವತ್ತೆ ಮಾತ್ರ ಅವಳ ಬೆನ್ನ ಮೇಲೆ ಕೈಯಾಡಿಸುತ್ತ, "ಇರ್ಲಿ ಬಿಡವಾ, ಇರ್ಲಿ ಬಿಡ," ಎನ್ನುತ್ತಿದ್ದರು.

ಮುಂದೆ ಬಹಳ ಹೊತ್ತು ಯಾವ ಬಸ್ಸೂ ಬರಲಿಲ್ಲ, ಟ್ರ್ಯಾಕ್ಟರೂ ಬರಲಿಲ್ಲ. ಕಡೆಗೆ ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಬಂತು. ಸಿದ್ರಾಮನನ್ನು ಕಾರಿನ ಕಾವಲಿಗೆ ಬಿಟ್ಟು ನಾವು ಮೂವರೂ ಕಣಿಕೆಯ ಮೇಲೆ ಏರಿ ಕೂತೆವು. ಎತ್ತುಗಳು ಕ್ಲಚ್ಚಿಲ್ಲದೆಯೇ, ಗೇರಿಲ್ಲದೆಯೇ, ಮುಂದಕ್ಕೆ ಹೋಗುತ್ತಿದ್ದವು. ಶಾರದಾ ಗಂಟನ್ನು ಮಡಿಲಲ್ಲಿಟ್ಟುಕೊಂಡು ಆಗಾಗ ನೆತ್ತಿಯ ಮೇಲಿನ ಸೂರ್ಯನನ್ನು ನೋಡುತ್ತಿದ್ದಳು. ಆಮೇಲೆ ನೋಡುವುದನ್ನೂ ಬಿಟ್ಟಳು.

ಬೀಗರ ಮನೆ ಮುಟ್ಟಿದಾಗ ಹೊತ್ತು ವಾಲಿತ್ತು. ಅಂಗಳದಲ್ಲಿ ಎಲೆ ಎತ್ತುತ್ತಿದ್ದರು. ಕಸ್ತೂರಿಯ ಅತ್ತೆ ಒಳ್ಳೆಯ ಹೆಂಗಸು. ಓಡಿಬಂದು ಶಾರದಾಳ ಕೈ ಹಿಡಿದುಕೊಂಡರು.

"ಬಾಳ ಹಾದಿ ನೋಡಿದ್ವಿ ಶಾರದಕ್ಕ. ಗಳಿಗಿ ಮೀರಾಕ ಬಂದಿತ್ತು. ಅದಕ ಮಗ್ಗಲ ಮನಿಯಾಕಿನ್ನ ನಿಮ್ಮ ಜಾಗದಾಗ ನಿಂದರಿಸಿ ಉಡಿ ತುಂಬಿಸಿದ್ವಿ. ತಪ್ಪು ತಿಳಕೋಬ್ಯಾಡ್ರಿ."

ಕಸ್ತೂರಿ ಯಾರದೋ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಅಕ್ಕನನ್ನು ನೋಡಿ ಏಳಲು ಹೋಗಿ ಏಳಲಾರದೆ ಎರಡೂ ಕೈ ಚಾಚಿದಳು.

"ಅಕ್ಕಾ, ನಿನಗೇನರೆ ಆತೇನಂತ ನಾ ಎಷ್ಟು ಹೆದರಿದ್ದೆ ಬೇ!"

ಶಾರದಾ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಆಮೇಲೆ ತಾನೂ ಉಡಿ ತುಂಬಿದಳು. ಅದು ಎರಡನೆಯ ಉಡಿ. ಎಣ್ಣೆಯಾದ ಸೀರೆಯನ್ನು ಕಸ್ತೂರಿ ಹಟ ಹಿಡಿದು ಹೆಗಲ ಮೇಲೆ ಹೊದ್ದುಕೊಂಡಳು, ಕಲೆಯಾದ ಮಗ್ಗಲನ್ನು ಒಳಗೆ ಮಾಡಿ. ಕುಬಸ ಚೊಚ್ಚಲಿಗೆ ಮಾತ್ರ. ತಪ್ಪಾದ ಕಾಗದವನ್ನು ಹರಿದುಹಾಕಿ ಇನ್ನೊಂದು ಹಾಳೆ ಏರಿಸಿ ಟೈಪ್ ಮಾಡಿದಂತೆ ಅದನ್ನು ಇನ್ನೊಮ್ಮೆ ಮಾಡಲು ಬರುವುದಿಲ್ಲ. ನಾನು ಕಂಬದ ಹಿಂದೆ ನಿಂತು ಇದನ್ನೆಲ್ಲ ನೋಡಿದೆ. ಅಳು ಬಂತು. ಅಳುವ ಯೋಗ್ಯತೆಯೂ ನನಗಿರಲಿಲ್ಲ, ಆದ್ದರಿಂದ ಕೆಮ್ಮಿದೆ.

ಸಂಜೆ ಚಹಾ ಕುಡಿಯುವಾಗ ಹೆರಿಗೆಗೆ ಕಸ್ತೂರಿಯನ್ನು ತವರಿಗೆ ಕರೆದೊಯ್ಯುವ ಮಾತು ಬಂತು. ಯಾರು ಬರುತ್ತೀರಿ, ಹೇಗೆ ಕರೆದೊಯ್ಯುತ್ತೀರಿ ಎಂದು ಅವಳ ಅತ್ತೆ ಕೇಳಿದರು. ಕೂಡಲೇ ನನ್ನೊಳಗಿನ ಹಳೆಯ ಆತ್ಮವಿಶ್ವಾಸ ಮತ್ತೆ ತಲೆಯೆತ್ತಿತು ನೋಡಿ! ಗಂಟಲು ಸರಿಮಾಡಿಕೊಂಡು, "ಅಷ್ಟೊತ್ತಿಗೆ ಕಾರು ರಿಪೇರಿ ಆಗಿರ್ತೈತಿ. ನಾನ ಸ್ವತಃ..." ಎಂದು ಶುರುಮಾಡಿದೆ.

ಶಾರದಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಬಸ್ಸಿಗೆ ಬರ್ತೇನ್ರಿ. ನಾ ಒಬ್ಬಾಕೀನ ಬರ್ತೇನಿ," ಎಂದಳು.

ನನ್ನ ಮುಖ ನೋಡಿ ಕಸ್ತೂರಿಗೆ ಕನಿಕರ ಬಂದಿರಬೇಕು. ಮೊದಲಿನಿಂದಲೂ ನನ್ನ ಮೇಲೆ ಜೀವ ಇಟ್ಟುಕೊಂಡ ಹುಡುಗಿ. ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಬ್ಯಾಸರ ಮಾಡಕೋಬ್ಯಾಡ್ರಿ ಮಾವಾ. ನೀವು ಮನ್ಯಾಗ ಇರ್ರಿ. ನೀವು ಮನ್ಯಾಗ ಇದ್ರಂದ್ರ ನಾ ಸುಖರೂಪ ಬಂದು ಮುಟ್ಟತೇನಿ."

ಅದರಂತೆ ಅವರು ಬರುವ ದಿನ ನಾನು ಬೆಳಗಿನಿಂದ ಹೊಸ್ತಿಲು ದಾಟಲಿಲ್ಲ. ಅಕ್ಕತಂಗಿಯರು ಬಸ್ಸಿನಲ್ಲಿ ಸುಖವಾಗಿ ಬಂದು ಇಳಿದರು. ಆ ಮನೆತನಕ್ಕೆ ನಾನು ಮಾಡಿದ ಉಪಕಾರ ಅದೊಂದೇ.